ಚೀಟಿ ಹಿಡಿದವರ ಕಥೆ

ಮದುವೆ ಮನೆಯಲ್ಲಿ ಚೀಟಿ ಹಿಡಿದುಕೊಂಡು ಓಡಾಡುವ ಒಬ್ಬರನ್ನು ನೀವೂ ನೋಡಿರುತ್ತೀರಿ. ಹುಡುಗಿಯ ಸೋದರಮಾವನೋ, ಚಿಕ್ಕಪ್ಪನೋ ಆಗಿರುತ್ತಾರೆ. ಬಾಳೆ ಎಲೆ ಬಂತಾ, ಹೂವಿನವನು ಎಲ್ಲಿ, ತುಪ್ಪದ ಡಬ್ಬ ಯಾರ ಕೈಗೆ ಕೊಟ್ಟಿರಿ, ಇದೇ ಅವರ ಜಪ. ಅಡುಗೆ ಮಾಡುವವರು ಬೇರೆ, ಮಂತ್ರ ಹೇಳುವವರು ಬೇರೆ. ಏನು ಬಾಕಿ ಇದೆ ಎಂಬುದನ್ನು ಮರೆಯದೆ ಇರುವುದಷ್ಟೇ ಇವರ ಪಾಲಿನ ಕೆಲಸ. ಇವತ್ತು ನಾನು ಹೇಳಹೊರಟಿರುವುದು ಅಂಥ ಕೆಲವರ ಕಥೆ. ಅವರು ಚೀಟಿ ಹಿಡಿದು ಓಡಾಡಿದ ಮನೆಯ ಹೆಸರು ಲಿನಕ್ಸ್ ಕರ್ನಲ್.

ಕರ್ನಲ್ ಅಂದರೆ ಕಂಪ್ಯೂಟರಿನ ಯಂತ್ರಭಾಗಕ್ಕೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತ ಯಜಮಾನ. ನಿಮ್ಮ ಜೇಬಿನಲ್ಲಿ ಆಂಡ್ರಾಯ್ಡ್ ಫೋನಿದ್ದರೆ ಅದರೊಳಗೂ ಲಿನಕ್ಸ್ ಕರ್ನಲ್ಲೇ ಇದೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಇದನ್ನು ಶುರು ಮಾಡಿದರು. ಆಗ ಇಡೀ ಕರ್ನಲ್ ಅವರ ತಲೆಯಲ್ಲೇ ಇರುತ್ತಿತ್ತು, ಬಾಕಿ ಉಳಿದ ತಪ್ಪುಗಳೂ ಅಲ್ಲೇ. ಬರೆಯುವವರು ಸಾವಿರ ಮಂದಿಯಾದ ಮೇಲೆ ಒಂದು ತಲೆಗೆ ಅದು ಹಿಡಿಸಲಿಲ್ಲ.

ಕರ್ನಲ್ ಆವೃತ್ತಿ 2.2ರಿಂದ 2.4ಕ್ಕೆ ಹೋಗಲು ಎರಡು ವರ್ಷ ಹಿಡಿಯಿತು. ಆ ಹೊತ್ತಿನಲ್ಲಿ, ಬಿಡುಗಡೆಗೆ ಮುಂಚೆ ಮುಗಿಯಲೇಬೇಕಾದ ಕೆಲಸಗಳ ಪಟ್ಟಿ ಇಟ್ಟವರು ಬ್ರಿಟನ್ನಿನ ಆಲನ್ ಕಾಕ್ಸ್. ಅವರ ಕೈಯಿಂದ ಅದು ಅಮೆರಿಕದ ಟೆಡ್ ಚೋ ಅವರ ಕೈಗೆ ಹೋಯಿತು. 2001ರ ಜನವರಿಯಲ್ಲಿ 2.4 ಹೊರಬಂತು. 2.6ರ ಸರದಿ ಬಂದಾಗ ಆಂಡ್ರ್ಯೂ ಮಾರ್ಟನ್ ಎರಡು ಪಟ್ಟಿ ಮಾಡಿದರು: ಸರಿ ಮಾಡಲೇಬೇಕಾದದ್ದು ಒಂದು, ಮಾಡಿದರೆ ಒಳ್ಳೆಯದು ಅನ್ನುವುದು ಇನ್ನೊಂದು. 2003ರ ಡಿಸೆಂಬರಿನಲ್ಲಿ ಅದೂ ಮುಗಿಯಿತು. ಈ ಭಾಗವನ್ನು ಬೇಗ ದಾಟಿಬಿಡೋಣ, ಏಕೆಂದರೆ ನಿಜವಾದ ಜಗಳ ಇರುವುದು ಮುಂದೆ.

ಆಮೇಲೆ ಪದ್ಧತಿಯೇ ಬದಲಾಯಿತು. ವರ್ಷಗಟ್ಟಲೆ ಕಾಯುವುದು ಬೇಡ, ಎರಡು ಮೂರು ತಿಂಗಳಿಗೊಂದು ಕರ್ನಲ್ ಬರಲಿ ಎಂದಾಯಿತು. ಇವತ್ತಿಗೂ ಅದೇ ನಡೆಯುತ್ತಿದೆ. ಮೊದಲ ಎರಡು ವಾರ ಹೊಸ ಕೋಡಿಗೆ ಬಾಗಿಲು ತೆರೆದಿರುತ್ತದೆ. ಆಮೇಲೆ ಬಾಗಿಲು ಹಾಕಿ, ಆರ್‌ಸಿ ಒಂದು, ಆರ್‌ಸಿ ಎರಡು ಎಂದು ವಾರಕ್ಕೊಂದು ಪರೀಕ್ಷಾ ಆವೃತ್ತಿ. ಏಳು ಎಂಟಾಗುವ ಹೊತ್ತಿಗೆ ಮುಹೂರ್ತ ಹತ್ತಿರವಾಗಿರುತ್ತದೆ. ಆಗ ಚೀಟಿಯಲ್ಲಿ ಇನ್ನೂ ಬಾಕಿ ಉಳಿದಿದ್ದರೆ ಏನು ಮಾಡುವುದು?

ಇಲ್ಲೊಂದು ಪದ ನಿಮಗೆ ಗೊತ್ತಿರಬೇಕು, ರಿಗ್ರೆಶನ್. ನಿನ್ನೆಯವರೆಗೆ ನೆಟ್ಟಗೆ ನಡೆಯುತ್ತಿದ್ದದ್ದು ಹೊಸ ಕರ್ನಲ್ ಹಾಕಿದ ಮೇಲೆ ಕೆಟ್ಟರೆ ಅದು ರಿಗ್ರೆಶನ್. ಹಳೆಯ ತಪ್ಪಿನ ಜೊತೆ ಜನ ಹೇಗೋ ಸಂಸಾರ ಮಾಡುತ್ತಾರೆ. ಆದರೆ ಇದ್ದದ್ದನ್ನು ಕಿತ್ತುಕೊಂಡರೆ ಸಹಿಸುವುದಿಲ್ಲ. ಬಳಸುವವನ ಪ್ರೋಗ್ರಾಮು ನಮ್ಮಿಂದ ಮುರಿಯಬಾರದು ಎಂಬುದು ಲೀನಸ್ ಅವರದೇ ಮೊದಲ ನಿಯಮ. ಹಾಗಿದ್ದೂ, 2007ರ ಏಪ್ರಿಲ್‌ನಲ್ಲಿ 2.6.21 ಹೊರಬಿದ್ದಾಗ ಗೊತ್ತಿದ್ದ ರಿಗ್ರೆಶನ್‌ಗಳು ಪಟ್ಟಿಯಲ್ಲಿ ಹಾಗೆಯೇ ಉಳಿದಿದ್ದವು. ಪಟ್ಟಿ ಏಡ್ರಿಯನ್ ಬಂಕ್ ಅವರದು. ಪ್ರತಿ ಆವೃತ್ತಿಗೂ ದೂರುಗಳನ್ನು ಹೆಕ್ಕಿ, ಸಂಬಂಧಪಟ್ಟವರ ಹೆಸರು ಹಾಕಿ, ಮತ್ತೆ ಮತ್ತೆ ನೆನಪಿಸುತ್ತಿದ್ದ ಮನುಷ್ಯ. ಅವರು ಚೀಟಿ ಕೆಳಗಿಟ್ಟು ಹೊರಟುಬಿಟ್ಟರು. ಮುಹೂರ್ತ ಕಾಯುವುದಿಲ್ಲ ಅನ್ನುವ ಲೀನಸ್ ಅವರ ವಾದದಲ್ಲೂ ಹುರುಳಿತ್ತು, ಒಂದಕ್ಕಾಗಿ ನಿಂತರೆ ಎಲ್ಲವೂ ನಿಲ್ಲುತ್ತದೆ. ಆದರೂ ನನ್ನ ಮನಸ್ಸು ಮಾತ್ರ ಇವತ್ತಿಗೂ ಬಂಕ್ ಅವರ ಕಡೆಗೇ.

ಆಮೇಲೆ ಕೆಲವರು ಕೈಹಾಕಿದರು. ಅವರಲ್ಲಿ ವರ್ಷಗಟ್ಟಲೆ ನಿಂತವರು ಪೋಲೆಂಡಿನ ರಫಾಯೆಲ್ ವಿಸೋತ್ಸ್ಕಿ. ಲ್ಯಾಪ್‌ಟಾಪ್ ಮುಚ್ಚಿದಾಗ ನಿದ್ದೆ ಹೋಗಿ, ತೆರೆದಾಗ ಏಳಬೇಕಲ್ಲ, ಆ ಭಾಗದ ಕೋಡು ನೋಡಿಕೊಳ್ಳುತ್ತಿದ್ದವರು. ಯಾರು ಎಲ್ಲಿ ಏನು ಕೆಡಿಸಿದರೂ ಅದರ ಏಟು ಮೊದಲು ತಾಕುವ ಜಾಗಗಳಲ್ಲಿ ಅದೂ ಒಂದು. ಅವರ ಪಟ್ಟಿಯನ್ನು ನಾನು ಪತ್ತೇದಾರಿ ಕಾದಂಬರಿಯ ಹಾಗೆ ಓದುತ್ತಿದ್ದೆ. ನಮ್ಮ ದಿನಸಿ ಅಂಗಡಿಯ ಖಾತೆ ಪುಸ್ತಕದ ಹಾಗೆ ಅದರಲ್ಲಿ ಎರಡು ಭಾಗ: ಈ ಸಲದ್ದು, ಹಿಂದಿನ ಬಾಕಿ. ಪ್ರತಿ ದೂರಿನ ಎದುರಿಗೆ ಕೊಟ್ಟವರ ಹೆಸರು, ತಾರೀಕು, ಪಕ್ಕದಲ್ಲೇ ಅದಕ್ಕೆ ಎಷ್ಟು ದಿನ ವಯಸ್ಸಾಯಿತು ಎಂಬ ಲೆಕ್ಕ. ಒಂದು ಬೈಗುಳವಿಲ್ಲ. ಆದರೆ ತನ್ನ ಹೆಸರಿನ ಎದುರು ಆ ವಯಸ್ಸು ವಾರದಿಂದ ವಾರಕ್ಕೆ ಬೆಳೆಯುವುದನ್ನು ನೋಡಿದವನಿಗೆ ಬೇರೆ ಬೈಗುಳ ಬೇಕೇ?

ಆ ಕಾಲದ್ದೇ ಒಂದು ಪ್ರಸಂಗ ಹೇಳಲೇಬೇಕು. 2008ರ ಸೆಪ್ಟೆಂಬರ್. 2.6.27 ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಹಾಕಿಕೊಂಡ ಕೆಲವರ ಇಂಟೆಲ್ ನೆಟ್‌ವರ್ಕ್ ಕಾರ್ಡುಗಳು ಸತ್ತೇಹೋದವು. ಮಾಮೂಲಿ ತಪ್ಪಾದರೆ ಯಂತ್ರ ಆರಿಸಿ ಹಚ್ಚಿದರೆ ಸರಿಹೋಗುತ್ತದೆ. ಇಲ್ಲಿ ಹಳೆಯ ಕರ್ನಲ್‌ಗೆ ಮರಳಿದರೂ ಕಾರ್ಡಿಗೆ ಜೀವ ಬರಲಿಲ್ಲ, ಅದರೊಳಗಿನ ಶಾಶ್ವತ ನೆನಪೇ ಅಳಿಸಿಹೋಗಿತ್ತು. ಲಿನಕ್ಸನ್ನು ಜನರಿಗೆ ಹಂಚುವ, ಆಗ ತಮ್ಮ ಹೊಸ ಆವೃತ್ತಿ ತಯಾರಿಸುತ್ತಿದ್ದ ಉಬುಂಟು, ಸೂಸೆ ಮುಂತಾದವರು ಕಂಗಾಲಾದರು, ಆ ಕಾರ್ಡನ್ನು ನಡೆಸುವ ಕೋಡನ್ನೇ, ಅಂದರೆ ಡ್ರೈವರನ್ನೇ, ಪಕ್ಕಕ್ಕಿಟ್ಟರು. ಪರೀಕ್ಷೆ ಮಾಡೋಣವೆಂದರೆ ಒಂದೊಂದು ಪ್ರಯತ್ನಕ್ಕೂ ಒಂದೊಂದು ಕಾರ್ಡು ಬಲಿ!

ಸಂಶಯ ಮೊದಲು ಹೋದದ್ದು ಡ್ರೈವರಿನ ಮೇಲೆ, ಆಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗದ ಮೇಲೆ. ಇಬ್ಬರೂ ನಿರಪರಾಧಿಗಳು. ತಪ್ಪು ಎಫ್‌ಟ್ರೇಸ್ ಎಂಬ ಹೊಸ ಸಲಕರಣೆಯದು. ಕರ್ನಲ್ ಒಳಗೆ ಯಾವ ಕೆಲಸ ಯಾವಾಗ ನಡೆಯಿತು ಎಂದು ಜಾಡು ಹಿಡಿಯುವ ಸಲಕರಣೆ ಅದು, ಅದೇ ಆವೃತ್ತಿಯಲ್ಲಿ ಹೊಸದಾಗಿ ಸೇರಿತ್ತು. ಕೋಡಿನ ಯಾವ ಯಾವ ವಿಳಾಸದಲ್ಲಿ ತಿದ್ದಬೇಕೆಂದು ಬರೆದಿಟ್ಟುಕೊಂಡು, ಆಮೇಲೆ ಹೋಗಿ ತಿದ್ದುವುದು ಅದರ ರೀತಿ. ಅಷ್ಟರಲ್ಲಿ ಒಂದು ವಿಳಾಸದ ಬಾಡಿಗೆದಾರ ಮನೆ ಖಾಲಿ ಮಾಡಿದ್ದ. ಯಂತ್ರ ಶುರುವಾಗುವಾಗ ಮಾತ್ರ ಬೇಕಾದ ಕೋಡು, ಕೆಲಸ ಮುಗಿಸಿ ಜಾಗ ಬಿಟ್ಟಿತ್ತು. ಅದೇ ಮನೆಗೆ ಹೊಸದಾಗಿ ಬಂದು ಕೂತಿದ್ದದ್ದು ನೆಟ್‌ವರ್ಕ್ ಕಾರ್ಡು. ಎಫ್‌ಟ್ರೇಸ್ ಹಳೆಯ ಚೀಟಿ ಹಿಡಿದು ಬಾಗಿಲು ಬಡಿಯಿತು.

ಅದು ಒರಟನಲ್ಲ, ಪಾಪ. ನಾನು ಅಂದುಕೊಂಡದ್ದೇ ಇಲ್ಲಿದ್ದರೆ ಬದಲಿಸು, ಇಲ್ಲದಿದ್ದರೆ ಬಿಟ್ಟುಬಿಡು ಎಂದೇ ಅದು ಪ್ರೊಸೆಸರಿಗೆ ಹೇಳಿದ್ದು. ಆದರೆ ಆ ಆಜ್ಞೆಯ ಒಳಗುಟ್ಟು ನೋಡಿ: ಬಿಟ್ಟುಬಿಡುವಾಗಲೂ ಪ್ರೊಸೆಸರ್ ತಾನು ಓದಿದ್ದನ್ನೇ ಮತ್ತೆ ಅಲ್ಲಿ ಬರೆಯುತ್ತದೆ. ಸಾಧಾರಣ ಮೆಮೊರಿಯಲ್ಲಾದರೆ ಇದ್ದದ್ದನ್ನೇ ಬರೆದರೆ ಏನಾಗಬೇಕು? ಕಾರ್ಡಿನ ಬಾಗಿಲಲ್ಲಿ ಹಾಗಲ್ಲ, ಅಲ್ಲಿ ಬರೆದದ್ದೆಲ್ಲ ಹುಕುಂ. ಬಿಡುಗಡೆಗೆ ಮುಂಚೆಯೇ ಇಂಟೆಲ್‌ನವರು ಕಾರ್ಡಿನ ನೆನಪಿಗೆ ಬೀಗ ಜಡಿದಿದ್ದರು. ಅಕ್ಟೋಬರ್ 9ಕ್ಕೆ ಕರ್ನಲ್ ಹೊರಬಂತು. ಕಳ್ಳ ಸಿಕ್ಕಿಬಿದ್ದು, 2.6.27.1ರಲ್ಲಿ ಎಫ್‌ಟ್ರೇಸ್‌ನ ಆ ತಿದ್ದುವ ಭಾಗವನ್ನು ನಿಲ್ಲಿಸಿದ್ದು ಅದಾದ ಮೇಲೆ. ಬಾಕಿ ಪಟ್ಟಿಯಲ್ಲಿ ಒಂದೇ ಸಾಲಾಗಿ ಕೂತ ದೂರಿನ ಬೆನ್ನ ಹಿಂದೆ ಇಷ್ಟೆಲ್ಲ ಇರುತ್ತದೆ.

ಅಷ್ಟು ಕೋಡಿನಲ್ಲಿ ತಪ್ಪು ಹುಡುಕುವುದು ಹೇಗೆ ಅಂತೀರಾ? ಗಣೇಶನ ಹಬ್ಬಕ್ಕೆ ಸೀರಿಯಲ್ ಸೆಟ್ ಹಾಕಿ ದೀಪ ಹತ್ತದಿದ್ದಾಗ ಜಾಣ ಎಲೆಕ್ಟ್ರಿಷಿಯನ್ ಮಾಡುವ ಹಾಗೆ. ಅವನು ಬಲ್ಬುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಕೂರುವುದಿಲ್ಲ, ಸರಿಯಾಗಿ ಮಧ್ಯಕ್ಕೆ ಕೈಹಾಕುತ್ತಾನೆ. ದೋಷ ಆ ಕಡೆಯೋ ಈ ಕಡೆಯೋ ಗೊತ್ತಾದರೆ ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾನೆ. ಹಾಗೆಯೇ ಎರಡು ಕರ್ನಲ್ ಆವೃತ್ತಿಗಳ ನಡುವೆ ಹತ್ತು ಸಾವಿರ ಬದಲಾವಣೆಗಳಿದ್ದರೂ ಹೆಚ್ಚೆಂದರೆ 14 ಸಲ ಪರೀಕ್ಷಿಸಿದರೆ ಸಾಕು. 2005ರಲ್ಲಿ ಲೀನಸ್ ಅವರೇ ಬರೆಯಲು ತೊಡಗಿದ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಇದಕ್ಕೆ ಬೈಸೆಕ್ಟ್ ಎಂದು ಹೆಸರು. ಕೋಡು ಬರೆಯಲು ಬಾರದವನೂ ಮಾಡಬಹುದು, ತಾಳ್ಮೆ ಇದ್ದರೆ ಆಯಿತು.

ವಿಸೋತ್ಸ್ಕಿ ಬಿಟ್ಟ ಮೇಲೆ ಕೆಲವು ವರ್ಷ ಆ ಕುರ್ಚಿ ಖಾಲಿ ಉಳಿಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಲೋಕದ ಎಷ್ಟೋ ಯಂತ್ರಗಳು ಓಡುವ ಕರ್ನಲ್‌ಗೆ ಒಬ್ಬ ಚೀಟಿ ಹಿಡಿಯುವವನಿಲ್ಲ! ಕೊನೆಗೆ ಬಂದವರು ಜರ್ಮನಿಯ ಪತ್ರಕರ್ತ ಥಾರ್ಸ್ಟನ್ ಲೀಮ್‌ಹುಯಿಸ್, ಕರ್ನಲ್ ಬಗ್ಗೆ ವರ್ಷಗಟ್ಟಲೆ ವರದಿ ಬರೆದವರು. ಬಿಡುವಿನ ಹೊತ್ತಿನಲ್ಲಿ ಮಾಡಿ ಮಾಡಿ ಸುಸ್ತಾಗಿ ನಿಲ್ಲಿಸಿದರು. 2021ರಲ್ಲಿ ಯುರೋಪಿಯನ್ ಒಕ್ಕೂಟದ ಹಣದ ನೆರವು ಪಡೆದು ಮರಳಿ ಬಂದು ರೆಗ್ಜ್‌ಬಾಟ್ ಎಂಬ ಪ್ರೋಗ್ರಾಮು ಬರೆದರು. ದೂರಿನಲ್ಲಿ ಅದರ ಹೆಸರಿನ ಒಂದು ಸಾಲು ಸೇರಿಸಿದರೆ ಅದು ಬೆನ್ನು ಬೀಳುತ್ತದೆ, ಮದ್ದು ಸಿಕ್ಕಿದಾಗ ಪಟ್ಟಿಯಿಂದ ಹೊಡೆದುಹಾಕುತ್ತದೆ. ಆದರೂ ಉತ್ತರ ಕೊಡದೆ ಕೂತವರನ್ನು ಹೋಗಿ ಮಾತಾಡಿಸುವುದು ಮನುಷ್ಯನ ಕೆಲಸವಾಗಿಯೇ ಉಳಿದಿದೆ.

ಕರ್ನಲ್‌ನಲ್ಲಿ ಒಂದು ಒಳ್ಳೆಯ ರೂಢಿಯಿದೆ. ಪ್ರತಿ ತಿದ್ದುಪಡಿಯ ಕೆಳಗೆ ಬರೆದವರ ಹೆಸರಿರುತ್ತದೆ. ದೂರು ಕೊಟ್ಟವರು, ಪರೀಕ್ಷಿಸಿ ನೋಡಿದವರು, ಇವರಿಗೂ ಒಂದೊಂದು ಸಾಲು. ನೆನಪಿಸಿದವರ ಹೆಸರಿಗೆಂದು ಮಾತ್ರ ಅಲ್ಲಿ ಸಾಲಿಲ್ಲ. ಆ ಸಾಲನ್ನು ಇವತ್ತು ರೇಡಿಯೋದಲ್ಲಾದರೂ ಓದಿಬಿಡೋಣ ಅನ್ನಿಸಿತು: ಆಲನ್ ಕಾಕ್ಸ್, ಟೆಡ್ ಚೋ, ಆಂಡ್ರ್ಯೂ ಮಾರ್ಟನ್, ಏಡ್ರಿಯನ್ ಬಂಕ್, ರಫಾಯೆಲ್ ವಿಸೋತ್ಸ್ಕಿ, ಥಾರ್ಸ್ಟನ್ ಲೀಮ್‌ಹುಯಿಸ್.