ದಸರಾ ರಜೆಯಲ್ಲಿ ಎಳೆಯರ ಎಣಿಕೆ: ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸುವ ಅಭ್ಯಾಸ

(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ರಸ್ತೆ, ಚರಂಡಿ, ಕುಡಿಯುವ ನೀರಿನ ವಿಷಯಗಳ ನಡುವೆ ಒಂದರಿಂದ ನೂರರವರೆಗಿನ ಎಣಿಕೆಯ ಕುರಿತು ಮಾತನಾಡಲು ನಿಂತಿರುವುದಕ್ಕೆ ಕಾರಣವಿದೆ. ಶಾಲೆಯೊಂದರ ಮೂರನೆಯ ತರಗತಿಯಲ್ಲಿ ಒಬ್ಬ ಬಾಲಕಿ ನೂರರವರೆಗೆ ಎಲ್ಲಿಯೂ ತಡೆಯದೆ ಹೇಳಿದಳು. ಬಳಿಕ 9, 12, 21 ಎಂಬ ಮೂರು ಚೀಟಿಗಳನ್ನು ಕೊಟ್ಟು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಲು ಹೇಳಿದೆ. ಅವಳು 12, 21, 9 ಎಂದು ಇಟ್ಟಳು. ಒಂದು, ಎರಡು, ಒಂಬತ್ತು: ಅವಳು ನೋಡಿದ್ದು ಮೊದಲ ಅಂಕಿಯನ್ನು ಮಾತ್ರ. ಬಾಯಿಪಾಠ ಬಂದಿತ್ತು, ಸಂಖ್ಯೆಯ ಅಳತೆ ಬಂದಿರಲಿಲ್ಲ. ಇಂತಹ ಮಗು ಮುಂದೆ ಕೂಡುವ ಕಳೆಯುವ ಲೆಕ್ಕದಲ್ಲಿ ಎಡವಿದಾಗ ನಾವು ಅದನ್ನು ದಡ್ಡ ಎಂದು ಕರೆದುಬಿಡುತ್ತೇವೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮವು, ಶಾಲಾಪೂರ್ವ ಹಂತದ ಮಗು 10ರವರೆಗಿನ ಅಂಕಿಗಳನ್ನು ಓದಬೇಕು, ವಸ್ತುಗಳನ್ನೂ ಸಂಖ್ಯೆಗಳನ್ನೂ ಕ್ರಮವಾಗಿ ಜೋಡಿಸಬೇಕು ಎಂದು ಗುರಿ ಇಟ್ಟಿದೆ. ಒಂದನೆಯ ತರಗತಿಯ ಗುರಿ 99ರವರೆಗೆ. ಶಾಲೆಯಲ್ಲಿ ಅರ್ಧ ಕಲಿತದ್ದು ದಸರಾ ರಜೆಯಲ್ಲಿ ಮಾಸಿಹೋಗುತ್ತದೆ ಎಂಬುದು ಶಿಕ್ಷಕರೆಲ್ಲರ ಅನುಭವ. ಆ ದಿನಗಳಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ. ನಮ್ಮ ಅರಿವು ಕೇಂದ್ರಗಳಿಗೆ ಬೀಗ ಬೀಳಬೇಕಾಗಿಲ್ಲ.

ಇದಕ್ಕಾಗಿ ಮುದ್ರಿತ ಹಾಳೆಗಳನ್ನು ಕೊಳ್ಳುವುದು ಬೇಡವೆಂದೇ ನನ್ನ ಅಭಿಪ್ರಾಯ. ಅಂತರ್ಜಾಲದಿಂದ ಇಳಿಸಿದ ಹಾಳೆಗಳಲ್ಲಿ ಹಿಮದ ಬೊಂಬೆಗಳಿರುತ್ತವೆ. ನಮ್ಮ ಮಕ್ಕಳು ಹಿಮವನ್ನು ಕಂಡವರಲ್ಲ. ಗೋಡೆಯಿಂದ ಇಳಿಸಿದ ಹಳೆಯ ಕ್ಯಾಲೆಂಡರಿನ ಒಂದು ತಿಂಗಳ ಹಾಳೆಯನ್ನು ಕತ್ತರಿಸಿದರೆ 31 ಚೀಟಿಗಳು ಸಿಗುತ್ತವೆ. ಮೊದಲ ದಿನವೇ ಅಷ್ಟನ್ನೂ ಹರಡಬಾರದು. 4, 7, 9 ಹೀಗೆ ಅಕ್ಕಪಕ್ಕದಲ್ಲದ ಮೂರನ್ನು ಕೊಡಬೇಕು. ಅಕ್ಕಪಕ್ಕದವನ್ನು ಕೊಟ್ಟರೆ ಮಗು ಬಾಯಿಪಾಠದಿಂದಲೇ ಜೋಡಿಸಿಬಿಡುತ್ತದೆ, ಯೋಚಿಸುವುದಿಲ್ಲ.

ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲುಗಳು 3, 5, 7, 9 ಹೀಗೆ ಬೆಸ ಸಂಖ್ಯೆಯಲ್ಲಿರುವುದು ವಾಡಿಕೆ. ಖಾಲಿ ರಟ್ಟಿನ ಪೆಟ್ಟಿಗೆಗಳಿಂದ ಗ್ರಂಥಾಲಯದಲ್ಲಿಯೂ ಒಂಬತ್ತು ಮೆಟ್ಟಿಲು ಮಾಡಬಹುದು. ಕೆಳಗಿನಿಂದ ಚೀಟಿ ಅಂಟಿಸಿ, ಒಂದನ್ನು ಕಿತ್ತು, ಯಾವುದು ಕಾಣೆಯಾಯಿತೆಂದು ಕೇಳಬೇಕು. ನಟ್ಟನಡುವಿನ ಮೆಟ್ಟಿಲು ಯಾವುದು? ಐದನೆಯದು, ಅದರ ಕೆಳಗೂ ನಾಲ್ಕು, ಮೇಲೂ ನಾಲ್ಕು. ಎಂಟು ಮೆಟ್ಟಿಲಿದ್ದರೆ ನಡುವಿನದೇ ಇಲ್ಲ! ಇದನ್ನು ಮಕ್ಕಳೇ ಕಂಡುಕೊಳ್ಳಲಿ, ನಾವು ಹೇಳಿಬಿಡುವುದು ಬೇಡ.

ಎರಡಂಕಿಯ ಸಂಖ್ಯೆಗಳಿಗೆ ಚೆಂಡುಹೂವಿಗಿಂತ ಉತ್ತಮ ಸಾಧನವಿಲ್ಲ. ಹತ್ತು ಹೂಗಳಿಗೆ ಒಂದು ಸರ. ಹನ್ನೆರಡು ಎಂದರೆ ಒಂದು ಸರ, ಎರಡು ಬಿಡಿ ಹೂ. ಇಪ್ಪತ್ತೊಂದು ಎಂದರೆ ಎರಡು ಸರ, ಒಂದು ಬಿಡಿ ಹೂ. ಒಂಬತ್ತಕ್ಕೆ ಸರವೇ ಇಲ್ಲ. ಮೇಲೆ ಹೇಳಿದ ಬಾಲಕಿಯ ಮುಂದೆ ಹೀಗೆ ಇಟ್ಟಾಗ ಅವಳು ತಾನಾಗಿಯೇ 9ರ ಚೀಟಿಯನ್ನು ಎತ್ತಿ ಮೊದಲಿಗೆ ಇಟ್ಟಳು. ಹತ್ತೊಂಬತ್ತು, ತೊಂಬತ್ತು ಎಂಬ ಪದಗಳು ಕಿವಿಗೆ ಹತ್ತಿರವಾದ್ದರಿಂದ ಆ ಜೋಡಿಯನ್ನು ವಿಶೇಷವಾಗಿ ಗಮನಿಸಬೇಕು. ಒಂದು ಸರ ಎಲ್ಲಿ, ಒಂಬತ್ತು ಸರ ಎಲ್ಲಿ!

ಆಯುಧಪೂಜೆಯಂದು ನಮ್ಮ ನೀರುಗಂಟಿಯವರು ಸ್ಪ್ಯಾನರುಗಳನ್ನು ತೊಳೆದಿಡುತ್ತಾರೆ. ಅವುಗಳ ಮೇಲೆ 8, 10, 12, 14, 17, 19 ಎಂದು ಅಚ್ಚಾಗಿರುತ್ತದೆ. ಸಂಖ್ಯೆ ದೊಡ್ಡದಾದಂತೆ ಸ್ಪ್ಯಾನರಿನ ಬಾಯಿಯೂ ಅಗಲವಾಗುವುದನ್ನು ಮಗು ಕಣ್ಣಾರೆ ಕಾಣುತ್ತದೆ. ಎರಡನೆಯ, ಮೂರನೆಯ ತರಗತಿಯವರಿಗೆ ಇದೊಂದು ಒಳ್ಳೆಯ ಆಟ; ದೊಡ್ಡವರೊಬ್ಬರು ಜೊತೆಗಿರಬೇಕು.

ಇನ್ನು ಪಾಡ್ಯ, ಬಿದಿಗೆ, ತದಿಗೆ, ಚೌತಿ ಎಂಬ ತಿಥಿಗಳ ಹೆಸರುಗಳೇ ಒಂದನೆಯದು, ಎರಡನೆಯದು ಎಂಬ ಕ್ರಮವನ್ನು ಸೂಚಿಸುತ್ತವೆ. ಅಜ್ಜಿಯರು ಇದನ್ನು ಸಲೀಸಾಗಿ ಹೇಳಬಲ್ಲರು, ಅವರನ್ನೇ ಕರೆಯಿರಿ.

ಒಂದು ಎಚ್ಚರಿಕೆ. ಹಬ್ಬ ಇಲ್ಲಿ ಸಾಮಗ್ರಿ ಮಾತ್ರ, ಆಚರಣೆಯಲ್ಲ. ಎಲ್ಲ ಮತದ ಮಕ್ಕಳೂ ಬರುವ ಸ್ಥಳವದು. ರಂಜಾನಿನ ಉಪವಾಸದ ದಿನಗಳನ್ನೂ, ಕ್ರಿಸ್‌ಮಸ್ಸಿಗೆ ಉಳಿದ ದಿನಗಳನ್ನೂ ಹೀಗೆಯೇ ಎಣಿಸಬಹುದು. ತಾಂಡಾಗಳ ಮಕ್ಕಳು, ಉರ್ದು ಮನೆಮಾತಿನ ಮಕ್ಕಳು ಮೊದಲು ತಮ್ಮ ಮಾತಿನಲ್ಲಿಯೇ ಎಣಿಸಲಿ. ಚೀಟಿ ಜೋಡಿಸುವುದಕ್ಕೆ ಭಾಷೆ ಅಡ್ಡಿಯಾಗದು.

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಶಿಕ್ಷಣವೂ ಗ್ರಂಥಾಲಯವೂ ಪಂಚಾಯಿತಿಗಳ ವಿಷಯಗಳಾಗಿಯೇ ಸೇರಿವೆ. ಆದುದರಿಂದ ರಜೆಗೆ ಮುಂಚಿನ ಸಾಮಾನ್ಯ ಸಭೆಯಲ್ಲಿ ತಾವು ತೀರ್ಮಾನಿಸಬೇಕಾದುದು ಇಷ್ಟು: ರಜೆಯ ದಿನಗಳಲ್ಲಿ ಅರಿವು ಕೇಂದ್ರವು ಬೆಳಿಗ್ಗೆ ಒಂದು ಗಂಟೆ ಎಳೆಯ ಮಕ್ಕಳಿಗಾಗಿ ತೆರೆದಿರತಕ್ಕದ್ದು; ಗ್ರಂಥಾಲಯ ಮೇಲ್ವಿಚಾರಕರಿಗೆ ನೆರವಾಗಲು ಪ್ರೌಢಶಾಲೆಯ ಇಬ್ಬರು ವಿದ್ಯಾರ್ಥಿಗಳನ್ನೋ ಸ್ವಸಹಾಯ ಸಂಘದ ಸದಸ್ಯೆಯೊಬ್ಬರನ್ನೋ ಒಪ್ಪಿಸತಕ್ಕದ್ದು; ಪ್ರತಿ ವಾರ್ಡಿನ ಸದಸ್ಯರು ಒಂದು ದಿನವಾದರೂ ಹೋಗಿ ಮಕ್ಕಳೊಡನೆ ನೆಲದ ಮೇಲೆ ಕುಳಿತು ಬರತಕ್ಕದ್ದು. ಹೋಗುವಾಗ ಮನೆಯ ಹಳೆಯ ಕ್ಯಾಲೆಂಡರನ್ನು ಕೈಯಲ್ಲಿ ಹಿಡಿದು ಹೋದರೆ ಸಾಕು.