ಆಳಾಗಬಲ್ಲವನು ಅರಸಾಗಬಲ್ಲ
(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬರುವ ತಿಂಗಳು ನಮ್ಮ ಸಂಘದ ಆಡಳಿತ ಮಂಡಳಿಗೆ ಚುನಾವಣೆ. ಯಾರನ್ನು ಆರಿಸಬೇಕೆಂದು ಹೇಳುವುದು ನನ್ನ ಕೆಲಸವಲ್ಲ. ಎಂಥವರಿಂದ ಸಂಘ ಉಳಿಯುತ್ತದೆ ಎಂಬ ಬಗ್ಗೆ ಮಾತ್ರ ಎರಡು ಮಾತು ಹೇಳುತ್ತೇನೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಕೃಷಿ ಡಿಪ್ಲೊಮಾ ಮುಗಿಸಿ ಬಂದ ಹೊಸತರಲ್ಲಿ ಬದುವಿನ ಮೇಲೆ ನಿಂತು, ಭತ್ತವನ್ನು ಸಾಲಾಗಿ ನಾಟಿ ಮಾಡಿರೆಂದು ಅಪ್ಪಣೆ ಕೊಡುತ್ತಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ಒಬ್ಬ ಅಜ್ಜಿ, "ಹಗ್ಗದ ಒಂದು ತುದಿ ಹಿಡ್ಕೋತೀಯೇನಪ್ಪಾ?" ಎಂದರು. ಕೆಸರಿಗಿಳಿದು ಹಿಡಿದೆ. ಮರುವರ್ಷ ಪಕ್ಕದ ಗದ್ದೆಯವರು ತಾವೇ ಹಗ್ಗ ತಂದು ನನ್ನನ್ನು ಕರೆದರು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದಾಗ ಹಳ್ಳಿಯ ಕಾರ್ಯಕರ್ತನಿಗೆ 'ಗ್ರಾಮಸೇವಕ' ಎಂದು ಏಕೆ ಹೆಸರಿಟ್ಟರೆಂಬುದು ನನಗೆ ಆ ಕೆಸರಿನಲ್ಲಿ ತಿಳಿಯಿತು.

ಇನ್ನು, ನಾನು ಕಂಡ ಒಂದು ಹಾಲಿನ ಸಂಘದ ಸಂಗತಿ. ಊರ ಹೆಸರು ಬೇಡ. ಅಧ್ಯಕ್ಷರ ಮನೆಯ ಹಾಲು ತಡವಾಗಿ ಬಂದರೂ ಮೊದಲು ಅಳೆಯಬೇಕಾಗಿತ್ತು. ಜಿಡ್ಡಿನಂಶ ಕಡಿಮೆ ಬಂದರೆ ಹಾಲು ಪರೀಕ್ಷಕನಿಗೆ ಎಲ್ಲರೆದುರು ಬೈಗುಳ. ಆ ಹುಡುಗ ಏನು ಮಾಡಿಯಾನು? ಅಂಕಿ ಏರಿಸಿ ಬರೆಯಲು ಕಲಿತ. ಒಬ್ಬರಿಗೆ ಬರೆದದ್ದನ್ನು ನಾಲ್ವರಿಗೆ ಬರೆಯಬೇಕಾಯಿತು. ಒಕ್ಕೂಟದ ಪರೀಕ್ಷೆಯಲ್ಲಿ ಲೆಕ್ಕ ತಾಳೆಯಾಗಲಿಲ್ಲ. ನಷ್ಟ ಎಲ್ಲರ ಮೇಲೂ ಬಿತ್ತು. ಕಾರ್ಯದರ್ಶಿ ಕೆಲಸ ಬಿಟ್ಟರು. ಒಂದೇ ಎಮ್ಮೆಯನ್ನು ನಂಬಿ ಬದುಕುವ ಹೆಣ್ಣುಮಕ್ಕಳು ಖಾಸಗಿ ವ್ಯಾಪಾರಿಗೆ ಹಾಲು ಹಾಕತೊಡಗಿದರು. ನೋಡಿ, ಹೆದರಿದ ನೌಕರ ಸುಳ್ಳು ಬರೆಯುತ್ತಾನೆ. ಸುಳ್ಳು ಲೆಕ್ಕ ಸಂಘವನ್ನೇ ತಿನ್ನುತ್ತದೆ.

ಇದಕ್ಕೆ ಬೇರೆಯಾದ ದಾರಿಯೊಂದನ್ನು ಗುಜರಾತಿನ ಖೇಡಾ ಜಿಲ್ಲೆ ತೋರಿಸಿದೆ. 1946ರಲ್ಲಿ ಅಲ್ಲಿಯ ರೈತರು ವ್ಯಾಪಾರಿಗಳ ಕೈಯಿಂದ ಬಿಡಿಸಿಕೊಳ್ಳಲು ಸಹಕಾರಿ ಹಾಲು ಒಕ್ಕೂಟ ಕಟ್ಟಿದರು. ತ್ರಿಭುವನದಾಸ್ ಪಟೇಲರು ಹಳ್ಳಿ ಹಳ್ಳಿಗೆ ತಿರುಗಿ ಸಂಘಗಳನ್ನು ಕೂಡಿಸಿ, ಅದರ ಅಧ್ಯಕ್ಷರಾದರು. 1949ರಲ್ಲಿ ಆಣಂದಕ್ಕೆ ಬಂದ ಯುವಕ ವರ್ಗೀಸ್ ಕುರಿಯನ್ನರನ್ನು ಅಲ್ಲಿಯೇ ಉಳಿಯುವಂತೆ ಒಪ್ಪಿಸಿದರು. ಯಂತ್ರ, ಮಾರಾಟದ ಕೆಲಸವನ್ನು ಅವರಿಗೇ ಬಿಟ್ಟು, ತಾವು ರೈತರ ನಂಬಿಕೆಯನ್ನು ಕಾಯ್ದರು. ಹೀಗೆ ನಂಬಿಕೆ ದೊರೆತುದರಿಂದಲೇ ಕುರಿಯನ್ನರೂ ಎಚ್. ಎಂ. ದಲಾಯರೂ ಎಮ್ಮೆಯ ಹಾಲಿನಿಂದ ಪುಡಿ ತಯಾರಿಸುವಂಥ ಹೊಸ ಕೆಲಸಕ್ಕೆ ಕೈಹಾಕಿ ಗೆದ್ದರು. 1970ರ ದಶಕದಲ್ಲಿ ಪಟೇಲರು ಪದವಿ ಬಿಟ್ಟಾಗ ಸದಸ್ಯರು ಅರ್ಪಿಸಿದ ಹಣವನ್ನು ಹಳ್ಳಿಗರ ಆರೋಗ್ಯಕ್ಕಾಗಿ ಒಂದು ಪ್ರತಿಷ್ಠಾನಕ್ಕೆ ಹಾಕಿದರು. ಅವರು ಹೋದ ಮೇಲೂ ಅಮುಲ್ ನಿಲ್ಲಲಿಲ್ಲ. ನಮ್ಮ ಕರ್ನಾಟಕದ ಹಾಲಿನ ಸಂಘಗಳು ಕಟ್ಟಲ್ಪಟ್ಟದ್ದೂ ಅದೇ ಆಣಂದದ ಮಾದರಿಯಲ್ಲಿ.

ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ಎಂಬುವರು 1970ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಮುಂದಾಳಾಗುವವನು ಮೊದಲು ಸೇವಕನಾಗಿರಬೇಕೆಂದರು. ಅವನ ಸೇವೆ ಪಡೆದವರು ಬೆಳೆದರೇ ಎಂಬುದೇ ಅವರ ಒರೆಗಲ್ಲು. ನಮ್ಮ ಗಾದೆ ಅದನ್ನು ಎಂದೋ ಹೇಳಿದೆ.

ಸೇವೆಯೆಂದರೆ ಎಲ್ಲರಿಗೂ ತಲೆಯಾಡಿಸುವುದಲ್ಲ. ನೀರು ಬೆರೆಸಿದ ಹಾಲನ್ನು ಅಣ್ಣನೇ ತಂದರೂ ಹಿಂದಕ್ಕೆ ಕಳಿಸಬೇಕು. ಆದರೆ ಹಾಗೆ ಕಳಿಸಿದ ಪರೀಕ್ಷಕನ ಬೆನ್ನಿಗೆ ಅಧ್ಯಕ್ಷರು ನಿಲ್ಲಬೇಕು.

ಆದುದರಿಂದ ಮತ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿರಿ. ಇವರು ತಮ್ಮ ಕ್ಯಾನಿನೊಡನೆ ಸಾಲಿನಲ್ಲಿ ನಿಲ್ಲುವರೇ? ನೌಕರ ತಪ್ಪು ತೋರಿಸಿದರೆ ಕೇಳಿಸಿಕೊಳ್ಳುವರೇ? ತಮ್ಮ ನಂತರ ಕೆಲಸ ಮಾಡಬಲ್ಲ ಇನ್ನೊಬ್ಬರನ್ನು ತಯಾರು ಮಾಡುವರೇ? ಹೌದೆನ್ನಿಸಿದವರನ್ನು ಆರಿಸಿರಿ.

ನಮ್ಮ ಹಾಲು ಪರೀಕ್ಷಕ ನಾಳೆ ಬೆಳಿಗ್ಗೆಯೂ ಕಂಡದ್ದನ್ನು ಕಂಡಂತೆ ಬರೆಯಲಿ. ಅದಕ್ಕೆ ಬೇಕಾದ ಧೈರ್ಯ ಕೊಡುವುದು ನಿಮ್ಮ ಕೈಯಲ್ಲಿದೆ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.