ಕೂಸಿನ ಕಣ್ಣು ತೋರಿಸಿದಿರಾ?

(ಮಹಿಳಾ ವೇದಿಕೆಯ ಆರೋಗ್ಯ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಕ್ಕಳಿಗೆ ಗುಣಮಟ್ಟದ ಆರೋಗ್ಯ ಸೇವೆ ಸಿಗಬೇಕು ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ವೇದಿಕೆಯವರು ಹೇಳಿದಾಗ ನನಗೆ ಸಂಕೋಚವಾಯಿತು. ನಾನು ಡಾಕ್ಟರಲ್ಲ. ಎಂಟೆಕ್ ಮಾಡಿ ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವಳು. ಆದರೂ ಒಪ್ಪಿಕೊಂಡೆ, ಏಕೆಂದರೆ ಒಂದು ವಿಷಯವನ್ನು ನಿಮ್ಮೆಲ್ಲರ ಕಿವಿಗೆ ಹಾಕಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಇವತ್ತು ಅದೊಂದನ್ನೇ ಹೇಳುತ್ತೇನೆ. ಅವಧಿಗೆ ಮೊದಲೇ ಹುಟ್ಟಿದ ಕೂಸಿನ ಕಣ್ಣಿನ ತಪಾಸಣೆ.

ಏಳು ತಿಂಗಳಿಗೆ, ಎಂಟು ತಿಂಗಳಿಗೆ ಹೆರಿಗೆಯಾಯಿತು ಎಂಬ ಸುದ್ದಿ ನಮ್ಮ ಬಳಗದಲ್ಲಿ ಈಗ ಅಪರೂಪವಲ್ಲ. ಬಿಪಿ, ಶುಗರ್, ಐವಿಎಫ್, ಅವಳಿ ಮಕ್ಕಳು, ಕಾರಣಗಳು ಹಲವು. ಭಾರತದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಶಿಶುಗಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ನಮ್ಮ ಅಜ್ಜಿಯರ ಕಾಲದಲ್ಲಿ ಇಂಥ ಕೂಸು ಉಳಿಯುವುದು ಕಷ್ಟವಿತ್ತು. ಈಗ ಜಿಲ್ಲಾ ಆಸ್ಪತ್ರೆಗಳಲ್ಲೂ ನವಜಾತ ಶಿಶುಗಳ ಘಟಕಗಳಿವೆ. ‘ಕೂಸನ್ನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ’ ಎನ್ನುತ್ತೇವಲ್ಲ, ಆ ಪೆಟ್ಟಿಗೆಯಿಂದ ಒಂದು ಕಿಲೋ ತೂಕದ ಮಗುವೂ ಬದುಕಿ ಮನೆಗೆ ಬರುತ್ತದೆ. ತೂಕ ಏರಿತು, ಹಾಲು ಕುಡಿಯಿತು, ಡಿಸ್ಚಾರ್ಜ್ ಆಯಿತು ಎಂದರೆ ಮನೆಯವರಿಗೆ ಗಂಡಾಂತರ ಕಳೆಯಿತು ಎಂಬ ಸಮಾಧಾನ. ಕಣ್ಣಿನ ವಿಷಯ ಶುರುವಾಗುವುದು ಅಲ್ಲಿಂದ.

ಕಣ್ಣಿನ ಒಳಪದರವಾದ ರೆಟಿನಾಕ್ಕೆ ರಕ್ತನಾಳಗಳು ಬಸಿರಿನ 16ನೇ ವಾರದ ಹೊತ್ತಿಗೆ ಬೆಳೆಯಲು ಆರಂಭಿಸುತ್ತವೆ. ಕಣ್ಣಿನ ಹಿಂಭಾಗದ ನರದಿಂದ ಹೊರಟು ಅಂಚಿನವರೆಗೆ ತಲುಪುವ ಹೊತ್ತಿಗೆ ಒಂಬತ್ತು ತಿಂಗಳು ತುಂಬಿರುತ್ತದೆ. ಮಗು ಮೊದಲೇ ಹುಟ್ಟಿಬಿಟ್ಟರೆ ಈ ಬೆಳವಣಿಗೆ ಅರ್ಧಕ್ಕೆ ನಿಲ್ಲುತ್ತದೆ. ಕೆಲವು ವಾರಗಳ ನಂತರ ನಾಳಗಳು ಮತ್ತೆ ಬೆಳೆಯತೊಡಗಿದಾಗ ಕೆಲವು ಮಕ್ಕಳಲ್ಲಿ ಅಡ್ಡಾದಿಡ್ಡಿ ಬೆಳೆಯುತ್ತವೆ, ಸೋರುತ್ತವೆ, ಕೊನೆಗೆ ರೆಟಿನಾವನ್ನೇ ಎಳೆದು ಕಿತ್ತುಬಿಡುತ್ತವೆ. ಇದಕ್ಕೆ ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ ಎನ್ನುತ್ತಾರೆ, ಚಿಕ್ಕದಾಗಿ ಆರ್‌ಓಪಿ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ. ಮಗು ಮುಖ ನೋಡಿ ನಗುತ್ತಿಲ್ಲವಲ್ಲ ಎಂದು ಮನೆಯವರಿಗೆ ಅನುಮಾನ ಬರುವಷ್ಟರಲ್ಲಿ ಮೂರು-ನಾಲ್ಕು ತಿಂಗಳಾಗಿ, ಚಿಕಿತ್ಸೆಯ ಕಾಲ ಮುಗಿದಿರುತ್ತದೆ.

ಸಮಯಕ್ಕೆ ಸಿಕ್ಕರೆ ಲೇಸರ್ ಅಥವಾ ಕಣ್ಣಿಗೆ ಕೊಡುವ ಇಂಜೆಕ್ಷನ್‌ನಿಂದ ಬಹುಪಾಲು ಮಕ್ಕಳ ದೃಷ್ಟಿ ಉಳಿಸಬಹುದು. ನಮ್ಮ ದೇಶದ ಮಾರ್ಗಸೂಚಿ ಸರಳವಾಗಿದೆ. 34 ವಾರಕ್ಕೆ ಮೊದಲು ಹುಟ್ಟಿದ, ಅಥವಾ 2 ಕಿಲೋಗಿಂತ ಕಡಿಮೆ ತೂಕದ ಪ್ರತಿ ಮಗುವಿನ ಕಣ್ಣನ್ನೂ ಹುಟ್ಟಿದ 30 ದಿನದೊಳಗೆ ನೋಡಬೇಕು. 28 ವಾರಕ್ಕೂ ಮೊದಲು ಹುಟ್ಟಿದ್ದರೆ, ಇಲ್ಲವೇ 1,200 ಗ್ರಾಂಗಿಂತ ಕಡಿಮೆಯಿದ್ದರೆ, ಎರಡು-ಮೂರು ವಾರಕ್ಕೇ. ಒಂದು ಸಲ ತೋರಿಸಿದರೆ ಮುಗಿಯುವುದಿಲ್ಲ, ನಾಳಗಳು ಪೂರ್ತಿ ಬೆಳೆಯುವ ತನಕ ವಾರಕ್ಕೋ ಎರಡು ವಾರಕ್ಕೋ ಮತ್ತೆ ಹೋಗಬೇಕು.

ಈಗ ನಮ್ಮ ಮನೆಗಳಿಗೆ ಬನ್ನಿ. ಚೊಚ್ಚಲ ಹೆರಿಗೆ ತವರಿನಲ್ಲಿ. ಪುಣೆಯಲ್ಲಿ ಎಂಟು ತಿಂಗಳು ತೋರಿಸಿಕೊಂಡ ಹುಡುಗಿ ಹುಬ್ಬಳ್ಳಿಗೋ ವಿಜಯಪುರಕ್ಕೋ ಹೋಗುತ್ತಾಳೆ. ಇಲ್ಲಿಯ ಡಾಕ್ಟರಿಗೆ ಅಲ್ಲಿ ಏನಾಯಿತೆಂದು ಗೊತ್ತಿಲ್ಲ. ಮಕ್ಕಳ ಡಾಕ್ಟರು ಬೇರೆ, ಕಣ್ಣಿನ ಡಾಕ್ಟರು ಬೇರೆ ಊರಿನಲ್ಲಿ. ನನ್ನ ಕೆಲಸದಲ್ಲಿ ಒಂದು ತಂಡ ಇನ್ನೊಂದು ತಂಡಕ್ಕೆ ಕೆಲಸ ದಾಟಿಸುವ ಜಾಗದಲ್ಲೇ ಹೆಚ್ಚು ತೊಂದರೆಯಾಗುವುದನ್ನು ನೋಡಿದ್ದೇನೆ. ಅಲ್ಲಾದರೆ ಟಿಕೆಟ್ ಇರುತ್ತದೆ, ಯಾರ ಹೆಸರಿನಲ್ಲಿ ಬಾಕಿಯಿದೆ ಎಂದು ಕಾಣುತ್ತದೆ. ಮಗುವಿನ ಕಣ್ಣು ಯಾರ ಹೆಸರಿನಲ್ಲಿ ಬಾಕಿಯಿದೆ?

ನನ್ನ ಚಿಕ್ಕಪ್ಪನ ಮಗಳಿಗೆ 31ನೇ ವಾರದಲ್ಲಿ ಅವಳಿ ಮಕ್ಕಳಾದವು. ಇಪ್ಪತ್ತು ದಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದವು. ಡಿಸ್ಚಾರ್ಜ್ ಕಾರ್ಡಿನ ಕೊನೆಯ ಸಾಲಿನಲ್ಲಿ ಡಾಕ್ಟರ ಕೈಬರಹದಲ್ಲಿ ಮೂರು ಇಂಗ್ಲಿಷ್ ಅಕ್ಷರ, ಮುಂದೆ ‘4 ವಾರ’. ಅದೇನೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. ನರ್ಸ್ ಆಗಿರುವ ನಮ್ಮ ಅತ್ತಿಗೆ ವಾಟ್ಸಾಪಿನಲ್ಲಿ ಆ ಕಾರ್ಡಿನ ಫೋಟೋ ನೋಡಿ ಫೋನ್ ಮಾಡಿದರು. ಆಗ ಚಿಕ್ಕಮ್ಮ, ‘ನಲವತ್ತ್ ದಿನ ಆಗೂತನಕಾ ಕೂಸಿನ್ನ ಹೊಸ್ತಿಲಾ ದಾಟಸೂದಿಲ್ಲ’ ಎಂದರು. ಅವರನ್ನು ನಾನು ತಪ್ಪೆನ್ನುವುದಿಲ್ಲ. ಹಸುಗೂಸಿಗೆ ಸೋಂಕು ತಗುಲಬಾರದೆಂಬುದೇ ಆ ಪದ್ಧತಿಯ ಹಿಂದಿನ ಕಾಳಜಿ. ಆದರೆ ಆ ನಲವತ್ತು ದಿನದೊಳಗೇ ಈ ಮೂವತ್ತು ದಿನವೂ ಬರುತ್ತದೆ. ವಿಷಯ ತಿಳಿದ ಮೇಲೆ ಚಿಕ್ಕಮ್ಮನೇ ಕುಂಚಿಗೆ ಕಟ್ಟಿ, ಕೂಸುಗಳನ್ನು ಕಾರಿನಲ್ಲಿ ಕರೆದುಕೊಂಡು ಹೋದರು. 27ನೇ ದಿನ. ಚಿಕ್ಕವಳಿಗೆ ಎರಡೇ ದಿನದಲ್ಲಿ ಲೇಸರ್ ಆಯಿತು. ಈಗ ಮೂರು ವರ್ಷ, ಕನ್ನಡಕ ಹಾಕಿಕೊಂಡು ಅಕ್ಕನ ಜೊತೆ ಜಗಳವಾಡುತ್ತಾಳೆ. (ಕುಂಚಿಗೆ ಸರಿ, ಕಣ್ಣೊಳಗೆ ಕಾಡಿಗೆ ಮಾತ್ರ ದಯವಿಟ್ಟು ಬೇಡ. ದೃಷ್ಟಿಬೊಟ್ಟು ಅಂಗಾಲಿಗೆ ಇಟ್ಟರೂ ಆಗುತ್ತದೆ.)

ಎಲ್ಲರಿಗೂ ಅತ್ತಿಗೆ ನರ್ಸ್ ಇರುವುದಿಲ್ಲ. 1996ರಲ್ಲಿ ಚೆನ್ನೈನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ 29ನೇ ವಾರಕ್ಕೆ, 1,250 ಗ್ರಾಂ ತೂಕದ ಹೆಣ್ಣುಮಗು ಹುಟ್ಟಿತು. ಕಣ್ಣಿನ ತಪಾಸಣೆ ಮಾಡಿಸಬೇಕೆಂದು ತಂದೆತಾಯಿಗೆ ಯಾರೂ ಹೇಳಲಿಲ್ಲ. ಮಗುವಿನ ದೃಷ್ಟಿ ಹೋಯಿತು. ತಂದೆ ಹೋರಾಡುತ್ತಲೇ ಇದ್ದರು. 2015ರ ಜುಲೈ 1ರಂದು ಸುಪ್ರೀಂ ಕೋರ್ಟ್ ಇದು ವೈದ್ಯಕೀಯ ನಿರ್ಲಕ್ಷ್ಯ ಎಂದು ತೀರ್ಪು ಕೊಟ್ಟು ಸುಮಾರು 1.8 ಕೋಟಿ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಹುಡುಗಿಗೆ ಆಗ 18 ವರ್ಷ. ಪರಿಹಾರದ ಮೊತ್ತ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ನನಗೆ ಮುಖ್ಯವೆನಿಸಿದ್ದು, ತಪಾಸಣೆಯ ಅಗತ್ಯವನ್ನು ತಿಳಿಸದಿರುವುದೂ ನಿರ್ಲಕ್ಷ್ಯವೇ ಎಂದು ಕೋರ್ಟ್ ಹೇಳಿದ್ದು.

ಗುಣಮಟ್ಟದ ಇನ್ನೊಂದು ಮುಖ ಆಕ್ಸಿಜನ್. 1940ರ ದಶಕದಲ್ಲಿ ಅಮೆರಿಕದ ಒಳ್ಳೊಳ್ಳೆಯ ಆಸ್ಪತ್ರೆಗಳಲ್ಲೇ ಈ ಕುರುಡುತನ ಹೆಚ್ಚಿತು. 1942ರಲ್ಲಿ ಇದನ್ನು ಮೊದಲು ವಿವರಿಸಿದವರು ಬಾಸ್ಟನ್ನಿನ ಡಾ. ಥಿಯೋಡರ್ ಟೆರಿ. 1951ರಲ್ಲಿ ಮೆಲ್ಬರ್ನಿನ ಡಾ. ಕೇಟ್ ಕ್ಯಾಂಪ್‌ಬೆಲ್ ಎಂಬ ಮಹಿಳಾ ವೈದ್ಯೆ, ಧಾರಾಳವಾಗಿ ಕೊಡುವ ಆಕ್ಸಿಜನ್ನೇ ಕಾರಣವಿರಬೇಕು ಎಂದು ಬರೆದರು. ಉಸಿರಿಗೆ ಬೇಕಾದಷ್ಟು ಕೊಡಲೇಬೇಕು, ಆದರೆ ಅಳತೆ ಮಾಡಿ ಕೊಡಬೇಕು. ಅದಕ್ಕೆ ಪಲ್ಸ್ ಆಕ್ಸಿಮೀಟರ್, ಗಾಳಿ ಬೆರೆಸುವ ಬ್ಲೆಂಡರ್, ರಾತ್ರಿ ಎರಡು ಗಂಟೆಗೂ ಅಲಾರಂ ಕಡೆ ಗಮನ ಕೊಡುವ ನರ್ಸ್ ಬೇಕು. ಅಮೆರಿಕದಲ್ಲಿ ಒಂದೂವರೆ ಕಿಲೋ ತನಕದ ಮಕ್ಕಳನ್ನು ನೋಡಿದರೆ ಸಾಕಾಗುತ್ತದೆ, ನಮ್ಮಲ್ಲಿ ಎರಡು ಕಿಲೋ ಎಂದು ಇಟ್ಟಿದ್ದಾರೆ. ಇಲ್ಲಿ ದೊಡ್ಡ ಮಕ್ಕಳಿಗೂ ಈ ತೊಂದರೆ ಬರುತ್ತದೆ, ಅದಕ್ಕೆ ಒಂದು ಕಾರಣ ಈ ಆರೈಕೆಯ ವ್ಯತ್ಯಾಸ. ಆಸ್ಪತ್ರೆಯ ಲಾಬಿ ಎಷ್ಟು ಚೆನ್ನಾಗಿದೆ ಎಂದು ನೋಡುವ ನಾವು ‘ಬ್ಲೆಂಡರ್ ಇದೆಯೇ’ ಎಂದು ಕೇಳುವುದಿಲ್ಲ.

ಡಾಕ್ಟರಿಲ್ಲದ ಊರಲ್ಲಿ ಏನು ಮಾಡುವುದು? ಇದಕ್ಕೆ ನಮ್ಮ ಕರ್ನಾಟಕದವರೇ ದಾರಿ ಹುಡುಕಿದ್ದಾರೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಮತ್ತು ಅವರ ತಂಡ 2008ರಲ್ಲಿ ಕಿಡ್‌ರಾಪ್ ಎಂಬ ಯೋಜನೆ ಆರಂಭಿಸಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ, ತಾಲ್ಲೂಕುಗಳ ಶಿಶು ಘಟಕಗಳಿಗೆ ನಿಗದಿತ ದಿನ ಹೋಗುತ್ತಾರೆ. ಮಗುವಿನ ರೆಟಿನಾದ ಚಿತ್ರ ತೆಗೆದು ಇಂಟರ್‌ನೆಟ್ ಮೂಲಕ ಕಳಿಸುತ್ತಾರೆ, ತಜ್ಞರು ಮೊಬೈಲಿನಲ್ಲೇ ನೋಡಿ ವರದಿ ಕೊಡುತ್ತಾರೆ. ಕೆಂಪು ಎಂದರೆ ಚಿಕಿತ್ಸೆ ಬೇಕು, ಕಿತ್ತಳೆ ಎಂದರೆ ಮತ್ತೆ ನೋಡಬೇಕು, ಹಸಿರು ಎಂದರೆ ಮನೆಗೆ ಹೋಗಬಹುದು. ಮೊದಲು ದಕ್ಷಿಣದ ಜಿಲ್ಲೆಗಳು, ಆಮೇಲೆ ಉತ್ತರ ಕರ್ನಾಟಕ. ಬೆಂಗಳೂರಿನ ಫೋರಸ್ ಹೆಲ್ತ್ ಕಂಪನಿ ಇದೇ ಕೆಲಸಕ್ಕೆ ‘3ನೇತ್ರ ನಿಯೋ’ ಎಂಬ ಕ್ಯಾಮೆರಾವನ್ನು ಇಲ್ಲೇ ತಯಾರಿಸಿತು. ನಮ್ಮ ವೃತ್ತಿಯ ಬಗ್ಗೆ ನನಗೆ ನಿಜವಾಗಿ ಹೆಮ್ಮೆ ಅನಿಸುವ ಕೆಲವೇ ಸಂಗತಿಗಳಲ್ಲಿ ಇದೊಂದು.

ಪುಣೆಯಲ್ಲಿ ಮಹಮ್ಮದವಾಡಿಯ ಎಚ್. ವಿ. ದೇಸಾಯಿ ಕಣ್ಣಿನ ಆಸ್ಪತ್ರೆ ವರ್ಷಗಳಿಂದ ಈ ತಪಾಸಣೆ ಮಾಡುತ್ತಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತೊಂದರೆಗಳ ಪಟ್ಟಿಯಲ್ಲಿ ಆರ್‌ಓಪಿ ಇದೆ. ಅಂದರೆ ಸರ್ಕಾರಿ ವ್ಯವಸ್ಥೆಯಲ್ಲಿ ಇದನ್ನು ಹಕ್ಕಿನಿಂದ ಕೇಳಬಹುದು. ಹಳ್ಳಿಯಲ್ಲಿರುವ ಬಂಧುಗಳಿಗೆ, 28ನೇ ದಿನಕ್ಕೆ ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೇಳಲು ಹೇಳಿ. ಕಂಪನಿಯ ವಿಮೆ ಇರುವವರು ಈ ತಪಾಸಣೆ ಅದರಲ್ಲಿ ಸೇರಿದೆಯೇ ಎಂದು ಎಚ್‌ಆರ್‌ಗೆ ಬರೆದು ಕೇಳಿ. ನಾನು ಕೇಳಿದ್ದೇನೆ, ಉತ್ತರಕ್ಕೆ ಕಾಯುತ್ತಿದ್ದೇನೆ.

ನಮ್ಮ ಸಂಘದ ಮಟ್ಟದಲ್ಲಿ ಒಂದು ಸಲಹೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ಕಣ್ಣಿನ ತಪಾಸಣೆಯ ತಾರೀಖು, ಜಾಗ, ಫೋನ್ ನಂಬರ್ ಮೂರನ್ನೂ ಕನ್ನಡ ಅಥವಾ ಮರಾಠಿಯಲ್ಲಿ ಬರೆದುಕೊಡಿ ಎಂದು ನಮಗೆ ಪರಿಚಯವಿರುವ ಹೆರಿಗೆ ಆಸ್ಪತ್ರೆಗಳಿಗೆ ವೇದಿಕೆಯಿಂದ ಪತ್ರ ಬರೆಯೋಣ. ಕರಡು ಮಾಡಿಕೊಂಡು ಬಂದಿದ್ದೇನೆ, ಚಹಾದ ಮೇಜಿನ ಮೇಲಿದೆ. ಓದಿ, ತಿದ್ದಿ, ಒಪ್ಪಿಗೆಯಾದರೆ ಸಹಿ ಹಾಕಿ. ಮರಾಠಿ ಪ್ರತಿಯನ್ನು ಯಾರಾದರೂ ಒಮ್ಮೆ ನೋಡಿಕೊಡಬೇಕು, ನನ್ನ ಮರಾಠಿ ತರಕಾರಿ ಮಾರ್ಕೆಟ್ಟಿಗೆ ಸಾಲುವಷ್ಟೇ.

ಈಗ ಪ್ರಶ್ನೆಗಳಿದ್ದರೆ ಕೇಳಿ.